ಜರ್ಮನಿಯಲ್ಲಿ ಮೂಲೆ ಹಿಡಿದು ಕೂತದ್ದು

ಗುಂಡ್ಲುಪೇಟೆ, ಹೊರಡುವ ಮುಂಚೆ

ಜರ್ಮನಿಗೆ ಹೋಗಿ ಬಂದವರು ಕೋಟೆ ನೋಡಿದೆವು, ಅರಮನೆ ನೋಡಿದೆವು, ಹಿಮದಲ್ಲಿ ಜಾರಿ ಬಿದ್ದೆವು ಅನ್ನುತ್ತಾರೆ. ನಾನು ನೋಡಿದ್ದು ಒಂದು ಕೋಣೆ. ಆ ಕೋಣೆಯ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಮರದ ಕುರ್ಚಿ ಇತ್ತು. ಅದರ ಮೇಲೆ ಕೂರುವುದಕ್ಕೆಂದೇ ನಾನು ಸಮುದ್ರ ದಾಟಿ ಹೋಗಿದ್ದೆ. ಬೀದಿಯ ಹೆಂಗಸರು "ಅಲ್ಲೋಗಿ ಏನಕ್ಕ ಮಾಡ್ದೆ?" ಅಂತ ಕೇಳಿದರೆ, "ಕೂತಿದ್ದೆ ಕಣವ್ವ" ಅನ್ನುತ್ತೇನೆ. ಯಾರೂ ನಂಬುವುದಿಲ್ಲ.

ಸಂಗತಿ ಇಷ್ಟೇ. ನನ್ನ ತವರು ಹರದನಹಳ್ಳಿಯಲ್ಲೇ ಇರುವ ನಮ್ಮಕ್ಕನ ಮಗಳು ಸುಮ ಜರ್ಮನಿಯಲ್ಲಿ ನರ್ಸು. ಆ ದೇಶದ ಪರೀಕ್ಷೆ ಬರೆದು ಪಾಸಾಗಿ ಹೊಸ ಆಸ್ಪತ್ರೆಯಲ್ಲಿ ಕೆಲಸ ಗಿಟ್ಟಿಸಿಕೊಂಡಿದ್ದಳು. ನವೆಂಬರ್ ಪೂರ್ತಿ ಬೆಳಗಿನ ಹೊತ್ತು ತರಬೇತಿ, ಡಿಸೆಂಬರ್ ಒಂದನೇ ತಾರೀಖಿಗೆ ಹಾಜರಿ. ಅವತ್ತು ಹೋಗದಿದ್ದರೆ ಆ ಜಾಗ ಬೇರೊಬ್ಬರಿಗೆ. ಅವಳ ಹದಿಮೂರು ತಿಂಗಳ ಮಗಳು ನಿಧಿಗೆ ಶಿಶುವಿಹಾರದಲ್ಲಿ ಜಾಗವೂ ಸಿಕ್ಕಿತ್ತು. ಅದಕ್ಕಾಗಿ ಬಸುರಿ ಅಂತ ಗೊತ್ತಾದ ವಾರವೇ ಹೆಸರು ಬರೆಸಿದ್ದಳಂತೆ. ಮೂರು ತಿಂಗಳು ತುಂಬುವವರೆಗೆ ಇಂಥ ಸುದ್ದಿ ಹೊರಗೆ ಬಿಡಬಾರದು ಅನ್ನುವ ಮನೆತನ ನಮ್ಮದು. ಹೆತ್ತ ತಾಯಿಗಿಂತ ಮುಂಚೆ ಶಿಶುವಿಹಾರಕ್ಕೆ ಗೊತ್ತಾಯಿತಲ್ಲ ಅಂತ ಅಕ್ಕ ಇವತ್ತಿಗೂ ಮುಖ ಊದಿಸಿಕೊಳ್ಳುತ್ತಾಳೆ.

ಆದರೆ ಅಲ್ಲಿ ಮಗುವನ್ನು ಬಾಗಿಲಲ್ಲಿ ಕೊಟ್ಟು ಬರುವಂತಿಲ್ಲ. ಮೊದಲ ಕೆಲವು ವಾರ ಮನೆಯವರೊಬ್ಬರು ಮಗುವಿನ ಜೊತೆ ಬಂದು ಕೋಣೆಯ ಮೂಲೆಯಲ್ಲಿ ಕೂತಿರಬೇಕು. ಮಗುವಿಗೆ ಆ ಮನೆ ಒಗ್ಗಿದ ಹಾಗೆಲ್ಲ ಹತ್ತು ನಿಮಿಷ, ಅರ್ಧ ಗಂಟೆ, ಒಂದು ಹೊತ್ತು ಅಂತ ಹೊರಗೆ ಹೋಗಿ ಬರಬೇಕು. ಸುಮಳ ಗಂಡ ಮಂಜು ಗೋಡೌನಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವನು, ಅವನಿಗೆ ರಜೆ ಇಲ್ಲ. ಅಕ್ಕ ಹೋಗಬಹುದಿತ್ತು. ಆದರೆ ಅವಳ ಮಡಿಲಲ್ಲಿ ಮಗನ ಕೂಸು ಇದೆ. ಸೊಸೆ ಸ್ಕೂಟಿಯಲ್ಲಿ ಚಾಮರಾಜನಗರದ ಬಟ್ಟೆ ಅಂಗಡಿಗೆ ಹೋಗುವವಳು. ಅಕ್ಕ ಎದ್ದರೆ ಸೊಸೆ ಕೂರಬೇಕು. ಹಾಗಾಗಿ ಫೋನು ನನಗೆ ಬಂತು.

ನನ್ನ ಮಡಿಲೇನೂ ಖಾಲಿ ಇರಲಿಲ್ಲ. ಮಗಳು ಚೈತ್ರ ಬಾಣಂತನಕ್ಕೆ ಬಂದವಳು ನಮ್ಮಲ್ಲೇ ಉಳಿದಿದ್ದಳು. ಅಳಿಯ ಮದ್ದೂರು ರೇಂಜಿನಲ್ಲಿ ಫಾರೆಸ್ಟ್ ಗಾರ್ಡು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಚೈತ್ರ ಚಾಮರಾಜನಗರದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಿದ್ದವಳು, ಇನ್ನೇನು ಮತ್ತೆ ಹೋಗಬೇಕಿತ್ತು. ಅಂಗನವಾಡಿಗೆ ಸೇರಿಸಲು ಕೂಸಿಗೆ ಮೂರು ವರ್ಷ ತುಂಬಬೇಕು. ಅಲ್ಲಿಯವರೆಗೆ ನಾನೇ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ನಮ್ಮ ಯಜಮಾನರು ಈರುಳ್ಳಿ ಮಂಡಿಯಲ್ಲಿ ದಿನಕ್ಕೆ ನೂರಾರು ಮೂಟೆ ತೂಗಿಸುತ್ತಾರೆ, ಮೊಮ್ಮಗಳನ್ನು ಎತ್ತಿಕೊಂಡರೆ ಮಾತ್ರ ಎರಡೇ ನಿಮಿಷಕ್ಕೆ "ತಗಳಮ್ಮಿ, ಒದ್ದೆ ಮಾಡ್ಬುಡ್ತು" ಅಂತ ಚಾಚುತ್ತಾರೆ.

"ಓಗ್ಬಾ ಅವ್ವ," ಅಂದಳು ಚೈತ್ರ. "ಒಂದು ತಿಂಗ್ಳು ತಾನೆ. ನಾನು ಅಲ್ಲೀಗಂಟ ಇನ್ನೊಸಿ ರಜ ಹಾಕ್ತೀನಿ. ನೀ ಬಂದ್ಮೇಲೆ ಡ್ಯೂಟಿಗೋಯ್ತೀನಿ."

ಹೊರಡುವ ದಿನ ಅವಳು ನನ್ನ ಪೆಟ್ಟಿಗೆ ನೋಡಲಿಲ್ಲ, ಮುಖ ನೋಡಲಿಲ್ಲ, ಬಾಗಿಲಲ್ಲಿದ್ದ ನನ್ನ ಚಪ್ಪಲಿಯನ್ನು ನೋಡಿದಳು. ಅದು ಅವಳ ಅಭ್ಯಾಸ. ಮನೆಗೆ ಬಂದಾಗಲೂ ಮೊದಲು ಚಪ್ಪಲಿ ನೋಡಿ, ಆಮೇಲೆ "ಅವ್ವಾ" ಅಂತ ಕೂಗುತ್ತಾಳೆ. ಇಪ್ಪತ್ತೆಂಟು ವರ್ಷ ತುಂಬಿದರೂ ಬಿಟ್ಟಿಲ್ಲ.

ಮಂಜಿನ ಊರು

ವಿಮಾನದಲ್ಲಿ ನಾನು ಎಚ್ಚರವಾಗಿದ್ದೆನೋ ನಿದ್ದೆಯಲ್ಲಿದ್ದೆನೋ ಹೇಳಲಾರೆ. ಕಿಟಕಿಯ ಹೊರಗೆ ಹತ್ತಿ ಹಿಂಜಿ ಹರಡಿದ್ದರು. ಅದರ ಮೇಲೆ ಯಾರೋ ನಡೆದುಕೊಂಡು ಹೋದ ಹಾಗೆ ಕಂಡಿತು, ತಲೆಯ ಮೇಲೆ ಬುತ್ತಿ, ಸೊಂಟದಲ್ಲಿ ಕೂಸು. ನಮ್ಮವ್ವನ ನಡಿಗೆ ಅದು. ಅವ್ವ ತೀರಿಹೋಗಿ ಎಷ್ಟೋ ವರ್ಷವಾಗಿದೆ. ಮತ್ತೆ ಕಣ್ಣು ಬಿಟ್ಟಾಗ ಗಾಳಿಯಲ್ಲಿ ಚಳಿ ಇತ್ತು, ಸುಮಳ ಗಂಡ ಮಂಜು ನನ್ನ ಪೆಟ್ಟಿಗೆ ಎಳೆದುಕೊಂಡು ಮುಂದೆ ಮುಂದೆ ಹೋಗುತ್ತಿದ್ದ.

ಊರಿನ ಹೆಸರು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ವೆಸರ್ ಅನ್ನುವ ನದಿಯ ದಡದ ಸಣ್ಣ ಊರು ಅಂತಿಟ್ಟುಕೊಳ್ಳಿ. ನಾನಿದ್ದಷ್ಟು ದಿನ ಅರ್ಧ ಊರು ಮಂಜಿನೊಳಗೇ ಇತ್ತು. ಬೆಳಿಗ್ಗೆ ಕಿಟಕಿ ತೆರೆದರೆ ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತ ಹಾಗಿರುತ್ತಿತ್ತು, ಗಂಟೆಯ ಸದ್ದು ಮಾತ್ರ ಬೇರೆ. ಬೀದಿಯಲ್ಲಿ ಜನ ಇಲ್ಲ ಅಂದುಕೊಳ್ಳುವಷ್ಟರಲ್ಲಿ ಮಂಜಿನಿಂದ ಒಂದು ಸೈಕಲ್ಲು ಬರುತ್ತಿತ್ತು, ಮೇಲೆ ಒಬ್ಬ ಹೆಂಗಸು, ಮುಂದಿನ ಮರದ ತೊಟ್ಟಿಯಲ್ಲಿ ಎರಡು ಮಕ್ಕಳು. ಅವರನ್ನು ಎಲ್ಲೋ ಇಳಿಸಿ, ಖಾಲಿ ತೊಟ್ಟಿಯ ಸೈಕಲ್ಲಿನಲ್ಲಿ ಅದೇ ಹೆಂಗಸು ಬೇಗ ಬೇಗ ತುಳಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಎಲ್ಲರಿಗೂ ಆ ಭಾಗ್ಯವಿಲ್ಲ ಅಂತಲೂ ಸುಮ ಹೇಳಿದಳು. ಕೆಳಗಿನ ಮನೆಯಾಕೆ ಮಗುವಿಗೆ ಎಲ್ಲೂ ಜಾಗ ಸಿಗದೆ ಇದ್ದ ಕೆಲಸ ಬಿಟ್ಟಿದ್ದಳು. ಆಕೆ ದಿನವೂ ಕಿಟಕಿಯಲ್ಲಿ ನಿಂತು ಆ ಸೈಕಲ್ಲುಗಳನ್ನು ನೋಡುತ್ತಿದ್ದಳು. ನಾನೂ ಒಂದು ಕಾಲದಲ್ಲಿ ಹಾಗೆಯೇ ಬಸ್ಸು ನೋಡುತ್ತಿದ್ದೆ.

ಮೊದಲ ದಿನ

ಶಿಶುವಿಹಾರದ ಬಾಗಿಲಲ್ಲಿ ಸಾಲಾಗಿ ಪುಟ್ಟ ಪುಟ್ಟ ಬೂಟುಗಳು. ಅವುಗಳ ಪಕ್ಕ ನನ್ನ ದೊಡ್ಡ ಬೂಟನ್ನೂ ಬಿಟ್ಟೆ. ನಮ್ಮೂರ ಮದುವೆ ಮನೆಯ ಮುಂದಿನ ರಾಶಿಯೂ ಅಲ್ಲ, ದೇವಸ್ಥಾನದ ಮುಂದಿನ ಕಳವಿನ ಭಯವೂ ಇಲ್ಲ. ಒಳಗೆ ನಿಧಿಯನ್ನು ನೋಡಿಕೊಳ್ಳಬೇಕಾದವಳ ಹೆಸರು ಹೈಕೆ. ನನ್ನದೇ ವಯಸ್ಸು, ಕತ್ತರಿಸಿದ ಬಿಳಿ ಕೂದಲು, ಕೈ ಕುಲುಕಿದರೆ ಬಳೆ ಒಡೆಯುವ ಹಿಡಿತ.

ಅವತ್ತು ಸುಮ ತರಗತಿಗೆ ಹೋಗುವ ಮುಂಚೆ ಜೊತೆಗೆ ಬಂದು, ಹೈಕೆ ಹೇಳಿದ್ದನ್ನೆಲ್ಲ ನನಗೆ ಹೇಳಿದಳು.

"ಚಿಕ್ಕವ್ವ, ನೀ ಏನೂ ಮಾಡ್ಬ್ಯಾಡ. ಸುಮ್ಕೆ ಕೂತಿರು."

"ಸುಮ್ಕೆ ಅಂದ್ರೆ?"

"ಮಗೂನ ಕರೀಬ್ಯಾಡ, ಆಡಿಸ್ಬ್ಯಾಡ, ತಿನ್ನಿಸ್ಬ್ಯಾಡ. ಅವಳಾಗವಳೇ ಬಂದ್ರೆ ಎತ್ಕೊ."

"ಗ್ವಾಡೆ ಅಂಗಿರು ಅಂತೀಯ?"

"ಊಂ. ಆದ್ರೆ ನಗ್ತಿರೋ ಗ್ವಾಡೆ."

ಕೂತೆ. ಅರ್ಧ ಗಂಟೆಗೆ ಕೈ ನವೆಯತೊಡಗಿತು. ನಾನು ಮನೆಯಲ್ಲಿ ಬ್ಲೌಸು ಹೊಲಿಯುವವಳು, ಸುಮ್ಮನೆ ಕೂತ ಕೈ ನನ್ನದಲ್ಲ. ಒಂದು ಮಗುವಿನ ಅಂಗಿಯ ಗುಂಡಿ ಜೋತಾಡುತ್ತಿತ್ತು. ಪಾಪ ಅನ್ನಿಸಿ, ತಾಳಿ ಸರದಲ್ಲಿ ತೂಗುಹಾಕಿಕೊಂಡಿದ್ದ ಪಿನ್ನುಗಳ ಗೊಂಚಲಿನಿಂದ ಒಂದನ್ನು ಬಿಚ್ಚಿ ಆ ಅಂಗಿಗೆ ಚುಚ್ಚಲು ಹೋದೆ. ಹೈಕೆ ಇದ್ದಲ್ಲಿಂದ ಹಾರಿ ಬಂದಳು. ನನ್ನ ಕೊರಳಲ್ಲಿ ಒಂದಲ್ಲ, ಎಂಟು ಪಿನ್ನುಗಳಿದ್ದವು. ಒಂದೊಂದಾಗಿ ಬಿಚ್ಚಿಸಿಕೊಂಡು, ಡಬ್ಬಿಗೆ ಹಾಕಿ, ಮೇಲೆ ನನ್ನ ಹೆಸರಿನ ಚೀಟಿ ಅಂಟಿಸಿ ಎತ್ತರದ ಕಪಾಟಿನಲ್ಲಿಟ್ಟಳು. ನಮ್ಮಲ್ಲಿ ಪಿನ್ನಿಲ್ಲದ ಹೆಂಗಸು ಮನೆ ನಡೆಸುವುದು ಹೇಗೆ ಅಂತ ಅವಳಿಗೆ ಯಾವ ಭಾಷೆಯಲ್ಲಿ ಹೇಳಲಿ?

ಊಟವಾದ ಮೇಲೆ ಮಕ್ಕಳನ್ನು ಪರದೆ ಎಳೆದ ಕೋಣೆಯಲ್ಲಿ ಮಲಗಿಸಿದರು. ಹೈಕೆ ಏನೋ ಗುನುಗುತ್ತ ಒಂದೊಂದು ಬೆನ್ನನ್ನೂ ತಟ್ಟುತ್ತಿದ್ದಳು. ಅದನ್ನು ನೋಡುತ್ತ ನನ್ನ ಕಣ್ಣೂ ಎಳೆಯಿತು. ಹರದನಹಳ್ಳಿಯ ಅರಿಶಿನದ ಹೊಲದ ಬದುವಿನಲ್ಲಿ ಹೊಂಗೆ ಮರ. ಕೊಂಬೆಗೆ ಕಟ್ಟಿದ ಹಳೇ ಸೀರೆಯ ಜೋಲಿ. ಒಳಗೆ ನಾನು, ನನ್ನ ಮೇಲೆ ಎಲೆಗಳ ನೆರಳು ಆಡುತ್ತಿದೆ. ದೂರದಲ್ಲಿ ಅವ್ವ ಕಳೆ ಕೀಳುವ ಸದ್ದು. ಜೋಲಿಯ ಹಗ್ಗ ಒಂದು ಪುಟ್ಟ ಕೈಯಲ್ಲಿದೆ, ಅಕ್ಕನ ಕೈ. ಅವ್ವ ಕೂಲಿಗೆ ಹೋಗಬೇಕಲ್ಲ ಅಂತ ಅಕ್ಕ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ನನ್ನನ್ನು ತೂಗಿದಳು. ನಾನು ಹತ್ತನೇ ಕ್ಲಾಸು ಓದಿದೆ, ಅಕ್ಕನಿಗೆ ಇವತ್ತಿಗೂ ಬಸ್ಸಿನ ಬೋರ್ಡು ಓದಲು ಬರುವುದಿಲ್ಲ.

ಎಚ್ಚರವಾದಾಗ ಮಕ್ಕಳಿಗಿಂತ ಮುಂಚೆ ನಾನೇ ಮಲಗಿಬಿಟ್ಟಿದ್ದೆ ಅಂತ ತಿಳಿಯಿತು. ನನ್ನ ಮೇಲೆ ಕರಡಿಯ ಚಿತ್ರದ ಒಂದು ಹೊದಿಕೆ ಇತ್ತು.

ನಾಲ್ಕನೆಯ ದಿನ

ನಾಲ್ಕನೆಯ ದಿನ ಹೈಕೆ ಗಡಿಯಾರ ತೋರಿಸಿ ಹತ್ತು ಬೆರಳೆತ್ತಿದಳು. ಎರಡು ಬೆರಳನ್ನು ನಡೆಸಿ ಬಾಗಿಲಿನ ಕಡೆ ತೋರಿಸಿದಳು. ಮೊದಲು ನಿಧಿಯ ಹತ್ತಿರ ಹೋಗು, ಹೇಳು, ಆಮೇಲೆ ಹೊರಗೆ ಹೋಗಿ ಬಾ ಅಂತ. ಹಿಂದಿನ ಸಂಜೆ ಸುಮ ಕೂಡ ಇದನ್ನೇ ಹೇಳಿದ್ದಳು. ಗೊತ್ತಾಗಲಿಲ್ಲ ಅಂತ ನಾನು ನೆಪ ಹೇಳುವಂತಿಲ್ಲ.

ಆದರೆ ನಿಧಿ ಬಣ್ಣದ ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಬಾಯಿ ಅರ್ಧ ತೆರೆದು, ಲೋಕ ಮರೆತು. ಈಗ ಹೋಗಿ "ನಾನು ಹೊರಟೆ" ಅಂದರೆ ಅಳುವುದಿಲ್ಲವೇ? ನಗುತ್ತಿರುವ ಮಗುವನ್ನು ಕರೆದು ಅಳಿಸುವುದು ಯಾವ ನ್ಯಾಯ? ಮಕ್ಕಳ ಕಣ್ಣು ತಪ್ಪಿಸಿ ಹೋಗುವುದು ನಮ್ಮ ಕಡೆ ಹೆಂಗಸರಿಗೆ ಬಂದಿರಲೇಬೇಕಾದ ವಿದ್ಯೆ. ಒಬ್ಬರು ಕಾಗೆ ತೋರಿಸಬೇಕು, ಇನ್ನೊಬ್ಬರು ಹಿತ್ತಿಲಿಂದ ಜಾರಿಕೊಳ್ಳಬೇಕು. ಕೂಲಿಗೆ ಹೋಗುವವರು, ಗಾರ್ಮೆಂಟ್ಸಿಗೆ ಹೋಗುವವರು, ಟೀಚರಮ್ಮಂದಿರು, ಎಲ್ಲರೂ ಮಾಡುವುದು ಅದನ್ನೇ. ಹೈಕೆ ಪಕ್ಕದ ಮಗುವಿನ ಮೂಗು ಒರೆಸಲು ತಿರುಗಿದಳು. ನಾನು ಎದ್ದೆ. ಬಾಗಿಲಲ್ಲಿ ಬೂಟು ಮೆಟ್ಟಿದರೆ ಸದ್ದಾದೀತು ಅಂತ ಅವನ್ನು ಕೈಯಲ್ಲಿ ಹಿಡಿದು, ಬರೀ ಕಾಲುಚೀಲದಲ್ಲಿ ಹೊರಗೆ ಕಾಲಿಟ್ಟೆ.

ಒದ್ದೆ ಎಲೆಗಳ ಮೇಲೆ ಕಾಲು ನೆನೆದು ಚಳಿ ನೆತ್ತಿಗೇರಿತು. ನಾನು ಜಾಣೆ ಅಂತ ನನ್ನನ್ನೇ ಮೆಚ್ಚಿಕೊಳ್ಳುತ್ತ ಮಂಜಿನಲ್ಲಿ ಹತ್ತು ನಿಮಿಷ ನಿಂತೆ. ಒಳಗೆ ಬಂದಾಗ ನಿಧಿ ಅಳುತ್ತಿರಲಿಲ್ಲ. ಅತ್ತು ಮುಗಿಸಿ ಬಿಕ್ಕುತ್ತಿದ್ದಳು. ನನ್ನ ಕುರ್ಚಿಯ ಕೆಳಗೆ ನೋಡಿದಳಂತೆ, ಪರದೆಯ ಹಿಂದೆ ನೋಡಿದಳಂತೆ, ಮಲಗುವ ಕೋಣೆಯ ಬಾಗಿಲು ಬಡಿದಳಂತೆ. ನನ್ನನ್ನು ಕಂಡವಳೇ ಸೆರಗು ಹಿಡಿದು ಏರಿ, ಕತ್ತಿಗೆ ಕೈ ಬಿಗಿದಳು. ಮನೆಗೆ ಹೋದರೂ ಆ ಕೈ ಸಡಿಲವಾಗಲಿಲ್ಲ. ನಾನು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕೂತು ಕಾದಳು.

ಮರುದಿನ ಶಿಶುವಿಹಾರದ ಗೇಟು ಕಂಡ ಕೂಡಲೇ ಕಿರುಚಿಕೊಂಡಳು. ಅದರ ಮರುದಿನವೂ ಹಾಗೇ. ಮರದ ತುಂಡುಗಳ ಕಡೆ ತಿರುಗಿಯೂ ನೋಡಲಿಲ್ಲ.

ಅಡುಗೆಮನೆಯಲ್ಲಿ

ಹೈಕೆ ಸುಮಳನ್ನು ಕರೆಸಿ ಮಾತಾಡಿದಳು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹೇಳಿ ಹೋದರೆ ಮಗು ಅಳುತ್ತದೆ, ಅತ್ತು ಆಟಕ್ಕೆ ಹೋಗುತ್ತದೆ. ಹೇಳದೆ ಹೋದರೆ ಆಮೇಲೆ ಆಡುವಾಗಲೂ ಒಂದು ಕಣ್ಣು ಬಾಗಿಲ ಮೇಲಿರುತ್ತದೆ, ಅಂಥ ಮಗುವನ್ನು ನಾನು ಇಟ್ಟುಕೊಳ್ಳಲಾರೆ ಅಂದಳಂತೆ. ಮತ್ತೆ ಮೊದಲನೇ ದಿನದಿಂದ ಶುರು ಮಾಡಬೇಕು. ಒಂದನೇ ತಾರೀಖಿನ ಹೊತ್ತಿಗೆ ನಿಧಿ ಒಂದೆರಡು ಗಂಟೆ ಇದ್ದರೆ ಅದೇ ಹೆಚ್ಚು. ನನ್ನ ವಾಪಸು ಟಿಕೆಟ್ಟು ಮೂವತ್ತನೇ ತಾರೀಖಿಗಿತ್ತು.

ಸುಮ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದವಳು ಹಾಗೇ ಅತ್ತಳು. ನಲ್ಲಿಯ ನೀರು ಸುರಿದು ಅಕ್ಕಿ ಹೊರಗೆ ಹರಿಯುತ್ತಿತ್ತು.

"ಮೂರ್ ವರ್ಸ ಆ ಭಾಷೆ ಕಲ್ತೆ ಚಿಕ್ಕವ್ವ. ಬಸುರಿ ಹೊಟ್ಟೆ ಹೊತ್ಕಂಡು ಪರೀಕ್ಷೆ ಬರ್ದೆ. ಇದೊಂದು ಹೋಯ್ತು ಅಂದ್ರೆ ಮತ್ತೆ ಯಾವಾಗ್ಲೋ ಏನೋ. ಹೇಳ್ಬುಟ್ಟು ಹೋಗು ಅಂತ ಅಷ್ಟು ಸಲ ಹೇಳಿದ್ನಲ್ಲ, ಯಾಕಂಗ್ ಮಾಡ್ದೆ?"

ನಲ್ಲಿ ನಿಲ್ಲಿಸಿದೆ. ಯಾಕೆ ಅಂತ ಹೇಳಬೇಕಾದರೆ ಬೇರೊಂದು ಬೆಳಗಿಗೆ ಹೋಗಬೇಕಿತ್ತು. ಯಾರ ಹತ್ತಿರವೂ ಪೂರ್ತಿ ಹೇಳದ ಸಂಗತಿಯನ್ನು ಅವತ್ತು ಸುಮಳಿಗೆ ಹೇಳಿದೆ.

ನನಗೆ ಇಪ್ಪತ್ತನಾಲ್ಕು ವರ್ಷ. ಚಾಮರಾಜನಗರದ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಗುಂಡ್ಲುಪೇಟೆಯಿಂದ ಏಳೂಕಾಲಿನ ಬಸ್ಸು. ಚೈತ್ರಳಿಗೆ ಎರಡೂವರೆ ವರ್ಷ, ಅತ್ತೆಯ ಹತ್ತಿರ ಬಿಟ್ಟು ಹೋಗಬೇಕು. ಹೇಳಿದರೆ ಅಳುತ್ತಾಳೆ ಅಂತ ದಿನಾ ಹೇಳದೆ ಹೋಗುತ್ತಿದ್ದೆ, ಮೆಟ್ಟಿದರೆ ಟಪಟಪ ಅನ್ನುತ್ತದೆ ಅಂತ ಚಪ್ಪಲಿಯನ್ನು ಕೈಯಲ್ಲಿ ಹಿಡಿದು. ಹನ್ನೊಂದನೆಯ ದಿನ ಅತ್ತೆ ಹಿತ್ತಿಲಲ್ಲಿ ಪಾತ್ರೆ ತೊಳೆಯುವಾಗ ಮಗು ನನ್ನನ್ನು ಹುಡುಕಿಕೊಂಡು ಬಾಗಿಲು ದಾಟಿತು. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹೆದ್ದಾರಿಯಲ್ಲಿ ಈರುಳ್ಳಿ ಲಾರಿಗಳ ಸಾಲು ನಿಂತುಬಿಟ್ಟಿತ್ತು, ಹಾರ್ನೋ ಹಾರ್ನು. ನೋಡಿದರೆ ಕೇರಳದ ಲಾರಿ ಡ್ರೈವರೊಬ್ಬ ರಸ್ತೆಯ ನಡುವೆ ನಿಂತು, ಒಂದು ಮಗುವನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದು, "ಇದ್ ಆರುಡೆ ಕುಟ್ಟಿ? ಆರುಡೆ ಕುಟ್ಟಿ?" ಅಂತ, ಯಾರ ಮಗು ಇದು ಅಂತ, ತನ್ನ ಭಾಷೆಯಲ್ಲಿ ಕೂಗುತ್ತಿದ್ದ. ಮಗುವಿನ ಮೈಮೇಲಿನ ಹೂವಿನ ಫ್ರಾಕು ನಾನೇ ಹೊಲಿದದ್ದು.

ಬಸ್ಸು ಇಳಿದೆ. ಮತ್ತೆ ಹತ್ತಲಿಲ್ಲ. ಕಾರ್ಖಾನೆಗೆ ಹೇಳಿಕಳಿಸುವ ಧೈರ್ಯವೂ ಆಗಲಿಲ್ಲ. ಮಗುವನ್ನು ಕಾಲ ಹತ್ತಿರ ಕೂರಿಸಿಕೊಂಡು ಮಾಡಬಹುದಾದ ಕೆಲಸ ಹೊಲಿಗೆಯೊಂದೇ, ಅದನ್ನು ಹಿಡಿದೆ. ಬೀದಿಯವರು ಚೈತ್ರಳನ್ನು "ಲಾರಿ ಡ್ರೈವರ್ ಜೊತೆ ಓಡೋಗಕ್ಕೆ ನೋಡ್ದೋಳು" ಅಂತ ಬಹಳ ವರ್ಷ ರೇಗಿಸಿದರು. ಅವಳೂ ನಗುತ್ತಾಳೆ. ಕೈಯಲ್ಲಿದ್ದ ಚಪ್ಪಲಿಯ ವಿಷಯ ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಸುಮ ಕಣ್ಣು ಒರೆಸಿಕೊಂಡಳು. "ಅದಕ್ಕೇ ಏನೋ ಚೈತ್ರಕ್ಕ ಚಪ್ಲಿ ನೋಡೋದು," ಅಂದಳು.

ಅಷ್ಟು ವರ್ಷದಲ್ಲಿ ನನಗೆ ಅದು ಹೊಳೆದೇ ಇರಲಿಲ್ಲ. ಹೊರಗೆ ಹರಿದಿದ್ದ ಅಕ್ಕಿಯನ್ನು ಬಳಿದು ಮತ್ತೆ ಪಾತ್ರೆಗೆ ಹಾಕಿದೆ.

ಅವತ್ತೇ ಚೈತ್ರಳಿಗೆ ಫೋನು ಮಾಡಿ ಇನ್ನೂ ಹನ್ನೆರಡು ದಿನ ಬೇಕು ಅಂದೆ. ಆ ಕಡೆ ಅವಳ ಕೂಸು ಏನೋ ಬಡಿಯುವ ಸದ್ದು ಕೇಳಿಸುತ್ತಿತ್ತು.

"ಆಪೀಸಲ್ಲಿ ಇನ್ನೊಂದ್ ಸಲ ಕೇಳ್ನೋಡ್ತೀನಿ," ಅಂದಳು. "ಕೊಟ್ರೆ ಕೊಡ್ತಾರೆ, ಇಲ್ದಿದ್ರೆ ಬುಡು. ಸುಮಂದು ದೊಡ್ ಕೆಲ್ಸ. ನೀ ಮುಗಿಸ್ಕಂಡೇ ಬಾ."

ಅವಳ "ಬುಡು" ನನಗೆ ಚುಚ್ಚಿತು. ಒಬ್ಬಳ ಕೆಲಸ ಉಳಿಸಲು ಇನ್ನೊಬ್ಬಳ ಕೆಲಸಕ್ಕೆ ಕೈ ಹಾಕಿದ್ದೆ.

ಮತ್ತೆ ಮೊದಲ ದಿನ

ಮತ್ತೆ ಅದೇ ಕುರ್ಚಿ. ಮತ್ತೆ ನಗುತ್ತಿರುವ ಗೋಡೆ. ಈ ಸಲ ಕೈ ನವೆಯಲಿಲ್ಲ, ಕೂರುವುದೇ ಕೆಲಸ ಅಂತ ಕೂತೆ. ನಿಧಿ ಮೂರು ದಿನ ನನ್ನ ಮಡಿಲು ಬಿಟ್ಟಿಳಿಯಲಿಲ್ಲ. ನಾಲ್ಕನೆಯ ದಿನ ಒಂದು ಕಾಲು ಕೆಳಗಿಟ್ಟಳು. ಹೈಕೆ ದೂರದಲ್ಲಿ ಕೂತು ಮರದ ತುಂಡುಗಳನ್ನು ಜೋಡಿಸುತ್ತ, ಇವಳನ್ನು ನೋಡಿಯೂ ನೋಡದ ಹಾಗಿದ್ದಳು. ಒಂಬತ್ತನೆಯ ದಿನ ಇಬ್ಬರೂ ಸೇರಿ ಒಂದು ಗೋಪುರ ಕಟ್ಟಿ ಬೀಳಿಸಿದರು.

ಹತ್ತನೆಯ ದಿನ ನಾನು ನಿಧಿಯ ಎದುರು ಮಂಡಿಯೂರಿ ಕೂತೆ. ಅವಳ ಎರಡೂ ಕೈ ಹಿಡಿದೆ.

"ಅಜ್ಜಿ ಓಗ್ಬತ್ತೀನಿ ಕಣ್ ಮಗ. ಹೊಳೆ ಸೇತುವೆ ಮುಟ್ಟಿ ಬತ್ತೀನಿ."

ಬೂಟು ಮೆಟ್ಟಿ, ಅವಳು ನೋಡುವ ಹಾಗೆ ಲೇಸು ಕಟ್ಟಿ, ಸದ್ದು ಮಾಡಿಕೊಂಡು ನಡೆದೆ. ಹಿಂದೆ ಅಳು ಏರಿತು. ತಿರುಗಿ ಓಡುವ ಕಾಲನ್ನು ಹೇಗೆ ಮುಂದೆ ಎಳೆದೆನೋ ನನಗೇ ಗೊತ್ತು. ಸೇತುವೆಯ ಕಂಬಿ ಮುಟ್ಟಿ, ಹೇಳಿದ ಹಾಗೆ ಬಂದೆ. ಮರುದಿನವೂ ಅದೇ ಮಾತು, ಅದೇ ಸೇತುವೆ. ಅಳು ದಿನದಿಂದ ದಿನಕ್ಕೆ ಗಿಡ್ಡವಾಯಿತು. ಮೊದಲು ಸೇತುವೆಯವರೆಗೆ ಕೇಳಿಸುತ್ತಿತ್ತು, ಆಮೇಲೆ ಗೇಟಿನವರೆಗೆ, ಆಮೇಲೆ ನಾನು ಲೇಸು ಕಟ್ಟುವವರೆಗೆ ಮಾತ್ರ.

ದಿನವೂ ಕೇಳಿ ಕೇಳಿ ಹೈಕೆಗೂ ಒಂದು ಮಾತು ಬಾಯಿಗೆ ಬಂದಿತ್ತು. ನಾನು ಹೊರಟ ಮೇಲೆ ನಿಧಿಯನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತು "ಬತ್ತೀನಿ, ಬತ್ತೀನಿ" ಅಂತ ಸಮಾಧಾನ ಮಾಡುತ್ತಿದ್ದಳು. ವೆಸರ್ ನದಿಯ ದಡದಲ್ಲಿ ನಮ್ಮ ಹರದನಹಳ್ಳಿಯ ಮಾತು ಕೇಳಿ ನನಗೆ ಕನಸೋ ನನಸೋ ಅನ್ನಿಸುತ್ತಿತ್ತು.

ಒಂದನೇ ತಾರೀಖು

ಅವತ್ತು ಮರದ ಕೊಂಬೆಗಳ ಮೇಲೆಲ್ಲ ಬಿಳಿ ಹಿಟ್ಟು ಉದುರಿಸಿದ ಹಾಗೆ ಚಳಿ ಕೂತಿತ್ತು. ಸುಮ ಕೋಟು ಹಾಕಿಕೊಂಡು ಬಾಗಿಲಲ್ಲಿ ಮಗಳ ಕೈ ಹಿಡಿದಳು. "ಅಮ್ಮ ಕೆಲಸಕ್ಕೆ ಹೋಗ್ಬತ್ತೀನಿ ನಿಧಿ," ಅಂದವಳು ಮತ್ತೆ ಕೋಟು ಬಿಚ್ಚಲು ಹೋದಳು. ನಾನು ಕಣ್ಣಲ್ಲೇ ಗದರಿದೆ. ಮೆಟ್ಟಿಲಿಳಿದು ಹೋದಳು. ಕೆಳಗಿನ ಮನೆಯಾಕೆ ಕಿಟಕಿಯಿಂದ ಕೈ ಬೀಸಿದ್ದು ಕಂಡಿತು.

ನಿಧಿಯನ್ನು ಶಿಶುವಿಹಾರದಲ್ಲಿ ಹೇಳಿ ಬಿಟ್ಟು ಹೊರಗೆ ಬಂದೆ. ಊಟದ ಹೊತ್ತಿನವರೆಗೆ ಬರಬೇಡ ಅಂದಿದ್ದಳು ಹೈಕೆ. ಸೇತುವೆಯ ಪಕ್ಕದ ಬೆಂಚಿನ ಮೇಲೆ ಕೂತೆ. ನದಿ ಇದ್ದ ಜಾಗದಲ್ಲಿ ಮಂಜು ಹರಿಯುತ್ತಿತ್ತು. ಎರಡೂ ಕೈ ಮಡಿಲಲ್ಲಿ ಖಾಲಿ. ಬೆಳಗಿನ ಹೊತ್ತಿನಲ್ಲಿ ನನ್ನ ಕೈಯಲ್ಲಿ ಕೂಸಾಗಲಿ ಸೂಜಿಯಾಗಲಿ ಸೌಟಾಗಲಿ ಇಲ್ಲದೆ, ಕಣ್ಣಿಡಬೇಕಾದ ಮಗುವೂ ಎದುರಿಗಿಲ್ಲದೆ ಕೂತದ್ದು ಅದೇ ಮೊದಲು.

ಮಂಜಿನಲ್ಲಿ ನನಗೆ ಬಿಸಿನೀರಿನ ಬಾನಿಗಳ ಹಬೆ ಕಂಡಿತು. ಬಾನಿಯಲ್ಲಿ ತೇಲುವ ರೇಷ್ಮೆ ಗೂಡುಗಳು. ಬೆರಳ ತುದಿಯಲ್ಲಿ ಹುಡುಕಿದರೆ ಎಳೆಯ ಕೊನೆ ಸಿಗುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ, ಎಳೆದಷ್ಟೂ ಬರುತ್ತಿತ್ತು. ನನಗೆ ಆ ಕೆಲಸ ಬಹಳ ಇಷ್ಟವಾಗಿತ್ತು. ಹತ್ತೇ ದಿನ ಮಾಡಿದ್ದು, ಆದರೂ ಇಷ್ಟವಾಗಿತ್ತು. ಮಗು ಬದುಕಿತಲ್ಲ, ಕೆಲಸದ್ದೇನು ಅಂತ ಎಲ್ಲರೂ ಅಂದರು, ನಾನೂ ಅಂದೆ. ಅಷ್ಟು ವರ್ಷದ ಮೇಲೆ, ಯಾರ ಊರಿನದೋ ಹೊಳೆಯ ದಡದಲ್ಲಿ ಕೂತು, ಆ ಕೆಲಸಕ್ಕಾಗಿ ಅತ್ತೆ.

ಊಟದ ಹೊತ್ತಿಗೆ ಹೋದರೆ ನಿಧಿ ಮೂತಿಗೆಲ್ಲ ಆಲೂಗಡ್ಡೆ ಬಳಿದುಕೊಂಡು ಕೂತಿದ್ದಳು. ನನ್ನನ್ನು ನೋಡಿ ನಕ್ಕಳು, ಮತ್ತೆ ಚಮಚಕ್ಕೆ ತಿರುಗಿದಳು. ಹತ್ತನೇ ತಾರೀಖಿನ ಹೊತ್ತಿಗೆ ಇಡೀ ದಿನ ಇರತೊಡಗಿದಳು. ಸಂಜೆ ಸುಮ ಆಸ್ಪತ್ರೆಯಿಂದ ನೇರವಾಗಿ ಬಂದು ಕರೆದುಕೊಂಡು ಹೋಗುತ್ತಿದ್ದಳು. ಹೊರಡುವ ಮುಂಚಿನ ದಿನ ಹೈಕೆ ಕಪಾಟಿನಿಂದ ಡಬ್ಬಿ ತೆಗೆದು ನನ್ನ ಎಂಟು ಪಿನ್ನುಗಳನ್ನೂ ಎಣಿಸಿ ಕೊಟ್ಟಳು. ಒಂದನ್ನು ಅವಳಿಗೇ ಕೊಟ್ಟು ಬಂದೆ.

ಮತ್ತೆ ಗುಂಡ್ಲುಪೇಟೆ

ಮನೆ ಬಾಗಿಲಲ್ಲಿ ನಾನು ಚಪ್ಪಲಿ ಬಿಡುವ ಸದ್ದಿಗೇ ಚೈತ್ರ ಓಡಿ ಬಂದಳು. ಆಫೀಸಿನಲ್ಲಿ ಸೋಮವಾರದವರೆಗೆ ಗಡುವು ಕೊಟ್ಟಿದ್ದರು. ನಾನು ಬಂದದ್ದು ಶುಕ್ರವಾರ.

ನಡುವಿನ ದಿನಗಳಲ್ಲಿ ಕೂಸನ್ನು ಎತ್ತಿಕೊಂಡು ಓಡಾಡುತ್ತ ಯೋಚಿಸಿದೆ. ಜರ್ಮನಿಯಲ್ಲಿ ಕೂಸು ನೋಡಿಕೊಳ್ಳುವುದಕ್ಕೇ ಒಂದು ಮನೆ ಇದೆ, ಕೋಣೆ ಇದೆ, ಹೈಕೆ ಇದ್ದಾಳೆ. ಇಲ್ಲಿ ಮನೆಯೂ ನಾನೇ, ಹೈಕೆಯೂ ನಾನೇ, ಮೂಲೆಯ ಕುರ್ಚಿಯೂ ನಾನೇ. ನನಗೊಂದು ಜ್ವರ ಬಂದರೆ ಚೈತ್ರಳ ಕೆಲಸಕ್ಕೂ ಜ್ವರ ಬರುತ್ತದೆ. ಇದು ಸರಿಯಲ್ಲ ಅಂತ ಈಗ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಸೋಮವಾರ ಬಂದೇ ಬರುತ್ತದಲ್ಲ.

ಬಂತು. ಬೆಳಿಗ್ಗೆ ಏಳು ಗಂಟೆಗೆ ನಾನು ಒಲೆಯ ಮೇಲೆ ಅನ್ನಕ್ಕಿಟ್ಟು ನಡುಮನೆಗೆ ಬಂದೆ. ಕೂಸು ಚಾಪೆಯ ಮೇಲೆ ಕೂತು ನೂಲಿನ ಉಂಡೆ ಉರುಳಿಸುತ್ತಿತ್ತು. ಅದರ ಬೆನ್ನ ಹಿಂದೆ ಚೈತ್ರ, ಹೆಗಲಿಗೆ ಬ್ಯಾಗು, ತುದಿಗಾಲಲ್ಲಿ ಬಾಗಿಲ ಕಡೆ ಹೋಗುತ್ತಿದ್ದಳು. ಅವಳ ಚಪ್ಪಲಿ ಅವಳ ಕೈಯಲ್ಲಿತ್ತು.

ಅದನ್ನು ನಾನು ಅವಳಿಗೆ ಕಲಿಸಿರಲಿಲ್ಲ.

"ಚಪ್ಲಿ ಕೆಳಗಾಕು," ಅಂದೆ.

"ಶ್! ಕೇಳುಸ್ಕಂಡ್ರೆ ಅಳ್ತಾಳೆ ಕಣವ್ವ."

"ಅಳ್ಲಿ. ಎದುರ್ಗೆ ಬಂದು ಹೇಳ್ಬುಟ್ಟು ಓಗು."

"ಬಸ್ಗೆ ಹೊತ್ತಾಯ್ತದೆ..."

"ಆಗ್ಲಿ. ಅವತ್ತು ನಾನೂ ಇಂಗೇ ಕೈಯಲ್ಲಿ ಚಪ್ಲಿ ಹಿಡ್ಕಂಡೇ ಹೋಗಿದ್ದು. ಅದಕ್ಕೇ ಕಣವ್ವ ನೀನು ರಸ್ತೆಗೆ ಬಂದಿದ್ದು."

ಚೈತ್ರ ತನ್ನ ಕೈಯಲ್ಲಿದ್ದ ಚಪ್ಪಲಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ನಂಗ್ಯಾಕವ್ವ ಹೇಳ್ಬುಟ್ಟು ಹೋಗ್ಲಿಲ್ಲ ನೀನು?"

"ಗೊತ್ತಿರ್ನಿಲ್ಲ ಕಣ್ ಮಗ. ತಪ್ಪಾಯ್ತು."

ಅವಳು ಬಂದು ಕೂಸಿನ ಎದುರು ಮಂಡಿಯೂರಿ, ಅದರ ಎರಡೂ ಕೈ ಹಿಡಿದು, "ಅಮ್ಮ ಓಗ್ಬತ್ತೀನಿ ಕಣೆ, ಸಂಜೆಗೆ ಬತ್ತೀನಿ" ಅಂದಳು. ಕೂಸು ಉಂಡೆ ಬಿಸಾಡಿ ಕೂಗಿಕೊಂಡಿತು. ನಾನು ಎತ್ತಿಕೊಂಡೆ. ಚೈತ್ರ ಹೊಸಿಲಲ್ಲಿ ಚಪ್ಪಲಿ ಕೆಳಗೆ ಹಾಕಿ, ನಾವಿಬ್ಬರೂ ನೋಡುವ ಹಾಗೆ ಮೆಟ್ಟಿಕೊಂಡು, ಟಪಟಪ ಸದ್ದು ಮಾಡುತ್ತ ಮೆಟ್ಟಿಲಿಳಿದು ಬಸ್ಸಿಗೆ ಓಡಿದಳು.